ಪಿಯುಸಿಯಲ್ಲಿ 78% ಇದ್ದರೂ ಬಿಎಸ್ಸಿ ನರ್ಸಿಂಗ್ ಅರ್ಜಿ ತಿರಸ್ಕೃತ, ಏಕೆ?
ಅಂಕದ ತಕರಾರಲ್ಲ, ಬಹುಶಃ ಜೀವಶಾಸ್ತ್ರದ್ದು. ನೀವು ಓದಿದ್ದು ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಕಂಪ್ಯೂಟರ್. ಬಿಎಸ್ಸಿ ನರ್ಸಿಂಗ್‌ಗೆ ಗಣಿತ ಬೇಕಿಲ್ಲ. ಜೀವಶಾಸ್ತ್ರ ಬೇಕೇ ಬೇಕು. ಅಂಕಪಟ್ಟಿ ನೋಡದೆ ಖಚಿತವಾಗಿ ಹೇಳಲಾರೆ, ಆದ್ದರಿಂದ ಮೊದಲು ತಿರಸ್ಕಾರದ ಕಾರಣವನ್ನು ಲಿಖಿತವಾಗಿ ಕೇಳಿ ಪಡೆಯಿರಿ.

ಕಾರಣ ಇದೇ ಆಗಿದ್ದರೆ ಜಿಎನ್‌ಎಂಗೆ (ಜನರಲ್ ನರ್ಸಿಂಗ್ ಮತ್ತು ಮಿಡ್‌ವೈಫರಿ, ಅಂದರೆ ಶುಶ್ರೂಷೆ ಮತ್ತು ಹೆರಿಗೆ ಆರೈಕೆಯ ಕೋರ್ಸ್) ಅರ್ಜಿ ಹಾಕಿ. ಮೂರು ವರ್ಷದ ಡಿಪ್ಲೊಮಾ. ಯಾವ ವಿಭಾಗದಲ್ಲಿ ಪಿಯುಸಿ ಮಾಡಿದವರಿಗೂ ಅವಕಾಶವಿದೆ. ಇಂಗ್ಲಿಷ್ ಓದಿರಬೇಕು, ಕನಿಷ್ಠ 40% ಅಂಕ ಬೇಕು, ಡಿಸೆಂಬರ್ 31ಕ್ಕೆ 17 ತುಂಬಿರಬೇಕು. ಮುಗಿಸಿ ರಾಜ್ಯ ನರ್ಸಿಂಗ್ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡರೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿಗೆ (ಡಿಪ್ಲೊಮಾ ನಂತರದ ನರ್ಸಿಂಗ್ ಪದವಿ) ಸೇರಬಹುದು. ನನ್ನ ತಂಗಿ ಹಿಡಿದದ್ದೂ ಇದೇ ದಾರಿ.

‘ಹೇಗಾದರೂ ಸೀಟು ಕೊಡಿಸುತ್ತೇನೆ’ ಎನ್ನುವ ದಲ್ಲಾಳಿಗೆ ಬಿಡಿಗಾಸೂ ಕೊಡಬೇಡಿ. ಶುಲ್ಕ ಕಟ್ಟುವ ಮುನ್ನ ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಜಾಲತಾಣದಲ್ಲಿ ಕಾಲೇಜಿನ ಹೆಸರು ಹುಡುಕಿ ನೋಡಿ.