ಪೋಖರಾಕ್ಕೆ ಬಾ, ಅನಾಥಾಶ್ರಮಕ್ಕೆ ಬೇಡ

ಸಾಗರದಿಂದ ನೀನು ಬರೆದದ್ದು ಓದಿದೆ. ಅಕ್ಕ ಅಂತ ಕರೆದಿದ್ದೀಯ, ಹಾಗಾಗಿ ನಾನೂ ನೀನು ಅಂತಲೇ ಬರೆಯುತ್ತೇನೆ. ಶಂಕರಘಟ್ಟದಲ್ಲಿ ಸಮಾಜಕಾರ್ಯದ ಸ್ನಾತಕೋತ್ತರ ಓದು, ಎಂಎಸ್‌ಡಬ್ಲ್ಯೂ ಮುಗಿಯುತ್ತಾ ಬಂತು, ಕೆಲಸಕ್ಕೆ ಸೇರುವ ಮೊದಲು ಒಂದೂವರೆ ತಿಂಗಳು ನೇಪಾಳದ ಪೋಖರಾದ ಯಾವುದಾದರೂ ಅನಾಥಾಶ್ರಮದಲ್ಲಿ ಮಕ್ಕಳ ಜೊತೆ ಇರಬೇಕು ಅಂತ ಆಸೆ. ಒಂದು ಏಜೆನ್ಸಿಯವರು ಊಟ, ವಸತಿ ಸೇರಿಸಿ ಶುಲ್ಕ ಹೇಳಿದ್ದಾರೆ. ಅಲ್ಲಿನ ಜೀವನ ಹೇಗೆ, ಒಬ್ಬಳೇ ಬಂದರೆ ತೊಂದರೆ ಆಗಲ್ವಾ ಅಂತ ಕೇಳಿದ್ದೀಯ.

ಜೀವನದ ಬಗ್ಗೆ ಹೇಳೋದು ಸುಲಭ. ನಾನು ತೀರ್ಥಹಳ್ಳಿ ಕಡೆಯವಳು, ಮದುವೆಯಾಗಿ ಇಲ್ಲಿಗೆ ಬಂದವಳು, ಇಲ್ಲೇ ಒಂದು ಶಾಲೆಯಲ್ಲಿ ಪಾಠ ಮಾಡುತ್ತೇನೆ. ಮಲೆನಾಡಿನವರಿಗೆ ಪೋಖರಾ ಅಷ್ಟೇನೂ ಪರದೇಶ ಅನ್ನಿಸಲ್ಲ. ಪಕ್ಕದ ಲುಮ್ಲೆಯಲ್ಲಿ ನೇಪಾಳದಲ್ಲೇ ಅತಿ ಹೆಚ್ಚು ಮಳೆ ಬೀಳುತ್ತದೆ. ಬಟ್ಟೆ ಒಣಗದ ಕಷ್ಟ, ಜಿಗಣೆ ಕಾಟ, ಮಳೆಗಾಲದಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆಗೋದು, ಯಾವುದೂ ನಿನಗೆ ಹೊಸತಲ್ಲ. ಎರಡು ಹೊತ್ತೂ ದಾಲ್ ಭಾತ್ ತಿನ್ನುತ್ತಾರೆ. ಅನ್ನ ಉಣ್ಣುವವರ ಊರು, ಹಾಗಾಗಿ ಹೊಟ್ಟೆಗೆ ತೊಂದರೆಯಿಲ್ಲ. ರಜೆ ಶನಿವಾರ. ಗಡಿಯಾರ ನಮಗಿಂತ 15 ನಿಮಿಷ ಮುಂದೆ. ನಮ್ಮ 100 ರೂಪಾಯಿಗೆ ಇಲ್ಲಿನ 160 ರೂಪಾಯಿ, ಅದು ಬದಲಾಗಲ್ಲ. ಅಂಗಡಿಯವರು ರೇಟು ಹೇಳಿದಾಗ ಐಸಿಯೋ ಎನ್‌ಸಿಯೋ ಅಂತ ಕೇಳಿಕೋ, ಅಂದರೆ ನಮ್ಮ ದುಡ್ಡೋ ಅವರ ದುಡ್ಡೋ ಅಂತ. ಹಿಂದಿ ಬಂದರೆ ಮೊದಲ ವಾರ ಸಾಗುತ್ತದೆ, ಆಮೇಲೆ ನೇಪಾಳಿ ತಾನಾಗಿ ಬರುತ್ತದೆ. ಮಣಿಪಾಲದವರ ಮೆಡಿಕಲ್ ಕಾಲೇಜು ಇಲ್ಲಿರೋದರಿಂದ ಆಗಾಗ ಕನ್ನಡ ಕಿವಿಗೆ ಬೀಳುತ್ತದೆ. ದೀಪಾವಳಿಗೆ ಇಲ್ಲಿ ತಿಹಾರ್ ಅನ್ನುತ್ತಾರೆ. ಗೋಪೂಜೆಯೂ ಇದೆ, ರಾತ್ರಿ ಗುಂಪು ಕಟ್ಟಿಕೊಂಡು ಮನೆಮನೆಗೆ ಹಾಡುತ್ತಾ ಬರೋದೂ ಇದೆ. ಅವರು ಅಂಗಳಕ್ಕೆ ಬಂದಾಗೆಲ್ಲ ನನಗೆ ನಮ್ಮ ಅಂಟಿಗೆ ಪಂಟಿಗೆಯವರೇ ದೀಪ ಹಿಡಿದು ಬಂದಂತೆ ಆಗುತ್ತದೆ. ಒಬ್ಬಳೇ ಬರೋದಕ್ಕೆ ಹೆದರಬೇಡ. ಊರಲ್ಲಿ ಹೇಗೆ ಜಾಗ್ರತೆಯಾಗಿ ಇರುತ್ತೀಯೋ ಹಾಗೇ ಇರು, ಸಾಕು.

ಆದರೆ ಅನಾಥಾಶ್ರಮಕ್ಕೆ ಬರಬೇಡ. ನಿನ್ನ ಮನಸ್ಸು ಒಳ್ಳೆಯದು ಅಂತ ಗೊತ್ತು. ಅದಕ್ಕೇ ಇದನ್ನು ಉದ್ದಕ್ಕೆ ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ಅಲ್ಲಿರುವ ಮಕ್ಕಳಲ್ಲಿ ಹೆಚ್ಚಿನವರು ಅನಾಥರೇ ಅಲ್ಲ. ನೇಪಾಳದಲ್ಲಿ ಇಂಥ ಮನೆಗಳಲ್ಲಿರುವ ಹತ್ತು ಮಕ್ಕಳಲ್ಲಿ ಎಂಟಕ್ಕೂ ಹೆಚ್ಚು ಮಕ್ಕಳಿಗೆ ಅಪ್ಪ ಅಥವಾ ಅಮ್ಮ, ಒಬ್ಬರಾದರೂ ಬದುಕಿದ್ದಾರೆ. ಕಾಂಬೋಡಿಯಾದಲ್ಲಿ ಯುನಿಸೆಫ್ ಲೆಕ್ಕ ಹಾಕಿದಾಗ ನಾಲ್ವರಲ್ಲಿ ಮೂವರಿಗೆ ಹಾಗೇ ಇತ್ತು. ಹಾಗಾದರೆ ಮಕ್ಕಳು ಅಲ್ಲಿಗೆ ಬಂದದ್ದು ಯಾಕೆ? ಓದಿಗೆ. ನಮ್ಮ ಕಡೆಯದೇ ನೆನಪು ಮಾಡಿಕೋ. ಹೊಸನಗರ, ತೀರ್ಥಹಳ್ಳಿ ಕಡೆಯ ಒಂಟಿ ಮನೆಗಳ ಮಕ್ಕಳು ಮಳೆಗಾಲದಲ್ಲಿ ಕಾಲುಸಂಕ ದಾಟಿ ಶಾಲೆಗೆ ಹೋಗೋದು ಕಷ್ಟ ಅಂತ ನೆಂಟರ ಮನೆಯಲ್ಲೋ ಹಾಸ್ಟೆಲ್‌ನಲ್ಲೋ ಇದ್ದು ಓದಿದರು. ನಾನೂ ಅತ್ತೆ ಮನೆಯಲ್ಲಿದ್ದು ಹೈಸ್ಕೂಲು ಮುಗಿಸಿದವಳು. ಅಪ್ಪ ತಿಂಗಳಿಗೊಮ್ಮೆ ಅಕ್ಕಿ, ಬೆಲ್ಲ, ಅಪ್ಪೆಮಿಡಿ ಉಪ್ಪಿನಕಾಯಿ ಹೊತ್ತು ಬರುತ್ತಿದ್ದರು. ಹಬ್ಬಕ್ಕೆ ಊರಿಗೆ ಕರೆದುಕೊಂಡು ಹೋಗುತ್ತಿದ್ದರು. ನಮ್ಮನ್ನು ಯಾರೂ ಅನಾಥರು ಅನ್ನಲಿಲ್ಲ.

ನೇಪಾಳದ ಕರ್ಣಾಲಿ ಪ್ರದೇಶದ ಹುಮ್ಲಾದಂಥ ಜಿಲ್ಲೆಗಳಲ್ಲಿ ಅಪ್ಪ ಅಮ್ಮ ಬಯಸಿದ್ದೂ ಇಷ್ಟೇ. ಅಲ್ಲಿಗೆ ತುಂಬಾ ಕಾಲ ಮೋಟಾರು ರಸ್ತೆಯೇ ಇರಲಿಲ್ಲ. 1996ರಿಂದ 2006ರವರೆಗೆ ಮಾವೋವಾದಿಗಳ ಯುದ್ಧ ನಡೆಯಿತು. ಮಕ್ಕಳನ್ನು ಪಡೆಗೆ ಎಳೆದುಕೊಂಡು ಹೋಗುತ್ತಾರೆ ಅನ್ನುವ ಭಯ ಬೇರೆ. ಆಗ ಬ್ರೋಕರ್‌ಗಳು ಬಂದು, ಕಾಠ್ಮಂಡುವಿನಲ್ಲಿ ಒಳ್ಳೆ ಶಾಲೆಗೆ ಹಾಕುತ್ತೇವೆ ಅಂದರು. ಎಷ್ಟೋ ಮನೆಯವರು ಹೊಲ, ದನ ಮಾರಿ ದುಡ್ಡು ಕೊಟ್ಟು ಮಕ್ಕಳನ್ನು ಕಳಿಸಿದರು. ಮಕ್ಕಳು ಕಾಠ್ಮಂಡು ತಲುಪಿದ ಮೇಲೆ ಕಾಗದದಲ್ಲಿ ಅಪ್ಪ ಅಮ್ಮ ಸತ್ತುಹೋದರು! ಯಾಕೆಂದರೆ ಅನಾಥ ಮಗು ಅಂದರೆ ಮಾತ್ರ ವಿದೇಶದಿಂದ ದುಡ್ಡು ಬರುತ್ತಿತ್ತು. ಆ ಮನೆಗಳು ಎಲ್ಲಿ ಹುಟ್ಟಿಕೊಂಡವು ನೋಡು. ಬಡತನ ಜಾಸ್ತಿ ಇರುವ ದೂರದ ಜಿಲ್ಲೆಗಳಲ್ಲಿ ಅಲ್ಲ. ಟೂರಿಸ್ಟರು ಬರುವ ಕಾಠ್ಮಂಡು, ಲಲಿತ್‌ಪುರ, ಚಿತ್ವನ್, ಮತ್ತೆ ಪೋಖರಾ ಇರುವ ನಮ್ಮ ಈ ಕಾಸ್ಕಿ ಜಿಲ್ಲೆಯಲ್ಲಿ. ಕಾಂಬೋಡಿಯಾದಲ್ಲೂ 2005ರಿಂದ 2010ರ ನಡುವೆ ಅನಾಥಾಶ್ರಮಗಳು ನೂರಕ್ಕೆ 75ರಷ್ಟು ಹೆಚ್ಚಾದವು. ಆ ಐದು ವರ್ಷದಲ್ಲಿ ಅಲ್ಲಿ ಯುದ್ಧವೇನೂ ಇರಲಿಲ್ಲ. ಟೂರಿಸ್ಟರು ಹೆಚ್ಚಾಗಿದ್ದರು.

ನೀನು ಕಟ್ಟುವ ಶುಲ್ಕ ಈ ಸರಪಳಿಯ ಒಂದು ಕೊಂಡಿ. ಎಲ್ಲ ಆಶ್ರಮದವರೂ ಮೋಸಗಾರರು ಅಂತ ನಾನು ಹೇಳುತ್ತಿಲ್ಲ. ಹಗಲು ರಾತ್ರಿ ಮಕ್ಕಳಿಗಾಗಿ ದುಡಿಯುವವರನ್ನು ಇಲ್ಲೇ ಕಣ್ಣಾರೆ ಕಂಡಿದ್ದೇನೆ. ಆದರೆ ಮಗು ಮನೆಗೆ ಹೋದರೆ ವರಮಾನ ನಿಲ್ಲುತ್ತದೆ ಅನ್ನುವ ಏರ್ಪಾಡಿನಲ್ಲಿ ಮಗುವನ್ನು ಮನೆಗೆ ಕಳಿಸುವವರು ಯಾರು? ನಮ್ಮ ಶಾಲೆಯಲ್ಲಿ ಒಬ್ಬ ಹುಡುಗ ಇದ್ದ. ದಾಖಲೆಯಲ್ಲಿ ತಂದೆ ಇಲ್ಲ ಅಂತಿತ್ತು. ಒಂದು ದಿನ ತಂದೆಯೇ ಬಸ್ಸು ಹತ್ತಿ ಹುಡುಕಿಕೊಂಡು ಬಂದರು. ಮಗನಿಗೆ ಊರಿನ ಮಾತು ಮರೆತುಹೋಗಿತ್ತು. ಇಬ್ಬರೂ ಕೈ ಹಿಡಿದುಕೊಂಡು ಆಫೀಸಿನ ಬೆಂಚಿನ ಮೇಲೆ ಕೂತಿದ್ದರು, ಒಂದು ಮಾತೂ ಆಡಲಾಗದೆ. ಅವತ್ತು ನಮಗೆ ಯಾರಿಗೂ ಪಾಠ ಮಾಡಲು ಮನಸ್ಸಾಗಲಿಲ್ಲ.

ಎರಡನೆಯ ಮಾತು ನಿನಗೆ ನೋವಾಗಬಹುದು. ಒಂದೂವರೆ ತಿಂಗಳ ಪ್ರೀತಿ ಆ ಮಕ್ಕಳಿಗೆ ಒಳ್ಳೆಯದು ಮಾಡಲ್ಲ. ಹೊಸಬರು ಗೇಟಿನೊಳಗೆ ಕಾಲಿಟ್ಟ ತಕ್ಷಣ ಮಕ್ಕಳು ಓಡಿ ಬಂದು ತಬ್ಬಿಕೊಳ್ಳುತ್ತಾರೆ, ಮಡಿಲು ಹತ್ತುತ್ತಾರೆ. ನೋಡಿದವರ ಕಣ್ಣು ತುಂಬುತ್ತದೆ. ಆದರೆ ನಿನ್ನ ಅಕ್ಕನ ಮಗುವನ್ನೋ ಪಕ್ಕದ ಮನೆ ಮಗುವನ್ನೋ ನೆನಪಿಸಿಕೋ. ಗುರುತಿಲ್ಲದವರು ಬಂದರೆ ಅಮ್ಮನ ಸೆರಗಿನ ಹಿಂದೆ ಅಡಗುತ್ತದೆ ಅಲ್ವಾ? ಯಾರು ನಮ್ಮವರು ಅಂತ ಗೊತ್ತಿರುವ ಮಗು ಹಾಗೆ ಮಾಡುತ್ತದೆ. ಎಲ್ಲರನ್ನೂ ತಬ್ಬುವ ಮಗುವಿಗೆ ತನ್ನವರು ಅಂತ ಗಟ್ಟಿಯಾಗಿ ಯಾರೂ ಇಲ್ಲ. ಹೊಸಬರು ಬರುತ್ತಾರೆ, ಹಾಡು ಕಲಿಸುತ್ತಾರೆ, ಫೋಟೋ ತೆಗೆಯುತ್ತಾರೆ, ಕೊನೇ ದಿನ ಅತ್ತು ಹೋಗುತ್ತಾರೆ. ಮುಂದಿನ ವಾರ ಇನ್ನೊಬ್ಬರು. ಪ್ರತಿ ಸಲ ಮಗುವಿಗೆ ತನ್ನನ್ನು ಇನ್ನೊಮ್ಮೆ ಬಿಟ್ಟುಹೋದಂತೆ ಆಗುತ್ತದೆ.

ಇದು ಬರೀ ನನ್ನ ಅನಿಸಿಕೆಯಲ್ಲ. ರೊಮೇನಿಯಾದ ಬುಕಾರೆಸ್ಟ್‌ನಲ್ಲಿ 2000ದಲ್ಲಿ ಶುರುವಾದ ಅಧ್ಯಯನದಲ್ಲಿ 136 ಪುಟ್ಟ ಮಕ್ಕಳಿದ್ದರು. ಅರ್ಧದಷ್ಟು ಮಕ್ಕಳನ್ನು ಸಾಕು ಕುಟುಂಬಗಳಿಗೆ ಕೊಟ್ಟರು, ಉಳಿದವರಿಗೆ ಆಶ್ರಮದ ಆರೈಕೆಯೇ ಮುಂದುವರಿಯಿತು. ಕುಟುಂಬಕ್ಕೆ ಹೋದವರ ಬುದ್ಧಿ ಬೆಳೆಯಿತು, ಒಬ್ಬರನ್ನು ಹಚ್ಚಿಕೊಳ್ಳುವ ಶಕ್ತಿಯೂ ಬೆಳೆಯಿತು. ಎರಡು ವರ್ಷ ತುಂಬುವ ಮೊದಲೇ ಹೋದವರಿಗೆ ಇನ್ನೂ ಹೆಚ್ಚು ಅನುಕೂಲವಾಯಿತು. ಮಗುವಿಗೆ ಬೇಕಾದದ್ದು ಬಂದುಹೋಗುವ ಹತ್ತಾರು ಜನ ಅಲ್ಲ, ಇರುವ ಒಬ್ಬಿಬ್ಬರು.

ಈಗ ಸರ್ಕಾರಗಳೂ ಎಚ್ಚೆತ್ತಿವೆ. ದುಡ್ಡಿಗಾಗಿ ಮಕ್ಕಳನ್ನು ಆಶ್ರಮಗಳಿಗೆ ಸಾಗಿಸೋದನ್ನು ಆಸ್ಟ್ರೇಲಿಯಾ 2018ರಲ್ಲಿ ಆಧುನಿಕ ಗುಲಾಮಗಿರಿಯ ಲೆಕ್ಕಕ್ಕೆ ಸೇರಿಸಿತು. 2019ರಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆಯ ನಿರ್ಣಯ ಅನಾಥಾಶ್ರಮದ ಸ್ವಯಂಸೇವೆಯಿಂದ ಆಗುವ ಹಾನಿಯನ್ನು ಹೆಸರಿಟ್ಟೇ ಹೇಳಿತು. 2015ರ ಏಪ್ರಿಲ್ ಭೂಕಂಪ ಆದಾಗ ನೇಪಾಳ ಸರ್ಕಾರ, ಹೆತ್ತವರಿಲ್ಲದೆ ಮಕ್ಕಳನ್ನು ಜಿಲ್ಲೆಯಿಂದ ಹೊರಗೆ ಸಾಗಿಸಬಾರದು ಅಂತ ತಡೆಯಿತು. ಟೂರಿಸ್ಟ್ ವೀಸಾದ ಮೇಲೆ ಬಂದವರು ಇಲ್ಲಿ ಸಂಬಳ ಇಲ್ಲದೆಯೂ ಕೆಲಸ ಮಾಡುವಂತಿಲ್ಲ. ಭಾರತದವರಾದ ನಮಗೆ ವೀಸಾ ಬೇಡ, ನಿಜ. ಅದನ್ನೇ ಮಕ್ಕಳಿರುವ ಮನೆಯೊಳಗೆ ಹೋಗುವ ಪರವಾನಗಿ ಅಂತ ಏಜೆನ್ಸಿಯವರು ಹೇಳಿದರೆ ನಂಬಬೇಡ. ನಿನ್ನ ಪೊಲೀಸ್ ವೆರಿಫಿಕೇಶನ್ ಪತ್ರ ಕೇಳಿದರಾ ಅವರು? ನಿನ್ನ ಓದು, ಅನುಭವ ವಿಚಾರಿಸಿದರಾ? ಬರೀ ಶುಲ್ಕ ಕೇಳಿ ಮಕ್ಕಳ ಹತ್ತಿರ ಬಿಡುವವರು ನಾಳೆ ಯಾರನ್ನು ಬೇಕಾದರೂ ಬಿಡುತ್ತಾರೆ. ನನಗೆ ಎಲ್ಲಕ್ಕಿಂತ ಜಾಸ್ತಿ ಭಯ ಇದರದ್ದೇ.

ಹಾಗಾದರೆ ಏನು ಮಾಡಲಿ ಅಂತ ಕೇಳುತ್ತೀಯ. ಮಕ್ಕಳನ್ನು ಮರಳಿ ಮನೆ ಸೇರಿಸುವ ಕೆಲಸ ಮಾಡುವ ಸಂಸ್ಥೆಗಳು ನೇಪಾಳದಲ್ಲಿವೆ. ಹಳ್ಳಿಗೆ ಹೋಗಿ ಮನೆಯವರನ್ನು ಹುಡುಕೋದು, ಮಾತುಕತೆ ಮಾಡೋದು, ಮಗು ಮನೆಗೆ ಹೋದ ಮೇಲೂ ಶಾಲೆ ಬಿಡದಂತೆ ನೋಡಿಕೊಳ್ಳೋದು, ಇದೆಲ್ಲ ಭಾಷೆ ಬಲ್ಲ ಇಲ್ಲಿನವರೇ ಮಾಡಬೇಕಾದ ಕೆಲಸ. ಆದರೆ ಅವರ ಆಫೀಸಿನಲ್ಲಿ ಕೇಸ್ ಫೈಲು ಜೋಡಿಸಲು, ವರದಿ ಬರೆಯಲು, ಲೆಕ್ಕ ಇಡಲು ಎಂಎಸ್‌ಡಬ್ಲ್ಯೂ ಓದಿದವರು ಉಪಯೋಗಕ್ಕೆ ಬರುತ್ತಾರೆ. ಮಗುವಿನ ಮುಖ ನೋಡುವ ಭಾಗ್ಯ ಇರಲ್ಲ. ಆದರೂ ಆ ಕೆಲಸದಿಂದ ಒಂದು ಮಗು ಮನೆ ಸೇರಬಹುದು. ಅದಕ್ಕೂ ಒಂದೂವರೆ ತಿಂಗಳು ಸಾಲದು, ಆರು ತಿಂಗಳಾದರೂ ಇಟ್ಟುಕೊಂಡು ಬಾ.

ಅಷ್ಟು ಸಮಯ ಇಲ್ಲ ಅಂದರೆ ಶಿವಮೊಗ್ಗದಲ್ಲೇ ಮಾಡು. ಸುಮ್ನೆ ಸಮಾಧಾನಕ್ಕೆ ಹೇಳುತ್ತಿಲ್ಲ. ನಮ್ಮ 2015ರ ಬಾಲನ್ಯಾಯ ಕಾಯ್ದೆಯೂ ಮಗುವನ್ನು ಸಂಸ್ಥೆಯಲ್ಲಿ ಇಡೋದು ಕೊನೆಯ ದಾರಿ ಆಗಬೇಕು ಅನ್ನುತ್ತದೆ. ಕೇಂದ್ರ ಸರ್ಕಾರದ ಮಕ್ಕಳ ರಕ್ಷಣೆಯ ಯೋಜನೆ ಮಿಷನ್ ವಾತ್ಸಲ್ಯದಲ್ಲಿ ಪ್ರಾಯೋಜಕತ್ವ ಅಂತ ಇದೆ. ಗಂಡ ಸತ್ತು ಒಬ್ಬಳೇ ಮಕ್ಕಳನ್ನು ಸಾಕುತ್ತಿರುವ ತಾಯಿಯಂಥವರಿಗೆ ಒಂದು ಮಗುವಿಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ, ಮಗು ಮನೆಯಲ್ಲೇ ಉಳಿಯಲಿ ಅಂತ. ಅಡಿಕೆ ಸುಲಿಯಲು ಹೋಗುವ ಎಷ್ಟು ತಾಯಂದಿರಿಗೆ ಇದು ಗೊತ್ತಿದೆ? ಗೊತ್ತಿದ್ದರೂ ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್, ಶಾಲೆಯ ಪತ್ರ ಅಂತ ಓಡಾಡಲು ಒಂದು ದಿನದ ಕೂಲಿ ಬಿಡಬೇಕು. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ ನಿಯಮ ಸರಿಯಾಗಿ ಕೇಳಿಕೋ. ನಿಮ್ಮ ಹೋಬಳಿಯಲ್ಲಿ ಅಂಗನವಾಡಿ ಕಾರ್ಯಕರ್ತೆಯರನ್ನು ಜೊತೆಗಿಟ್ಟುಕೊಂಡು ಹತ್ತು ಮನೆಯ ಅರ್ಜಿ ತುಂಬಿಸು. ಬಾಲಮಂದಿರದ ಮಕ್ಕಳಿಗೇ ಏನಾದರೂ ಮಾಡಬೇಕು ಅನ್ನಿಸಿದರೆ ಮಕ್ಕಳ ಕಲ್ಯಾಣ ಸಮಿತಿಯವರನ್ನು ಕೇಳಿ, ವಾರಕ್ಕೊಂದು ದಿನ ಲೆಕ್ಕ ಹೇಳಿಕೊಡು. ಆದರೆ ಎರಡು ಮೂರು ವರ್ಷ ತಪ್ಪಿಸದೆ ಹೋಗುವ ಧೈರ್ಯ ಇದ್ದರೆ ಮಾತ್ರ.

ಪೋಖರಾ ನೋಡಬೇಕು ಅನ್ನುವ ಆಸೆ ಬಿಡಬೇಡ. ಸುಮ್ನೆ ತಿರುಗಾಡಲು ಬಾ, ನಮ್ಮ ಮನೆಯಲ್ಲೇ ಉಳಿದುಕೋ. ಅಕ್ಟೋಬರ್, ನವೆಂಬರ್ ಒಳ್ಳೆಯದು, ಆಕಾಶ ತಿಳಿಯಾಗಿ ಅನ್ನಪೂರ್ಣ, ಮಾಚ್ಛಾಪುಛ್ರೆ ಶಿಖರಗಳು ಕಾಣುತ್ತವೆ. ರೈಲಿನಲ್ಲಾದರೆ ಗೋರಖ್‌ಪುರಕ್ಕೆ ಬಂದು ಸುನೌಲಿ ಗಡಿ ದಾಟು, ಅಲ್ಲಿಂದ ಬಸ್ಸು. ವಿಮಾನದಲ್ಲಿ ಬರೋದಾದರೆ ಆಧಾರ್ ನಡೆಯಲ್ಲ, ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ ಬೇಕು. ಏಜೆನ್ಸಿಗೆ ದುಡ್ಡು ಕಟ್ಟಿಲ್ಲ ತಾನೇ? ಕಟ್ಟಿದ್ದರೆ ಇವತ್ತೇ ವಾಪಸ್ ಕೇಳು, ಅವರು ಏನು ಹೇಳಿದರು ಅಂತ ನನಗೆ ಬರೆ.