ಅಡಿಕೆ ದುಡ್ಡು ಹಿಡಿದು ಓಡಾಡುವವರಿಗೆ ಯಾವ ಬೋರ್: 9 ಎಂಎಂ, .45, .32?

ನಿಮ್ಮ ಪ್ರಶ್ನೆ ಇದು: ತೀರ್ಥಹಳ್ಳಿ ಹತ್ತಿರ ತೋಟ, ಶಿವಮೊಗ್ಗ ಮಂಡಿಯಿಂದ ನಗದು ಹಿಡಿದು ರಾತ್ರಿ ವಾಪಸು ಬರಬೇಕು, ಆತ್ಮರಕ್ಷಣೆಗೆ ಲೈಸೆನ್ಸ್ ಆಗುವ ಹಂತದಲ್ಲಿದೆ, 9 ಎಂಎಂ, .45, .32 ಬೋರುಗಳಲ್ಲಿ (ಬೋರ್ ಅಂದರೆ ನಳಿಗೆಯ ಒಳ ಅಳತೆ) ಯಾವುದು ಒಳ್ಳೆಯದು.

ಮೊದಲ ಎರಡನ್ನು ಈಗಲೇ ಮರೆತುಬಿಡಿ. 9 ಎಂಎಂ, .45 ಪಿಸ್ತೂಲು ನಮ್ಮಲ್ಲಿ ನಿಷೇಧಿತ ಬೋರ್. ಡಿಸಿ ಕಚೇರಿಯ ಲೈಸೆನ್ಸಿಗೆ ಅವು ಸಿಗುವುದಿಲ್ಲ. ಅಮೆರಿಕದವರ ವಿಡಿಯೊಗಳಲ್ಲಿ ನಡೆಯುವ 9 ಎಂಎಂ-.45 ಜಗಳ ನಮ್ಮ ಪಾಲಿಗೆ ಕಂಡವರ ಮನೆ ಪಂಚಾಯಿತಿ. .357 ಮ್ಯಾಗ್ನಂನಂಥ ಹಳೆಯ ವಿದೇಶಿ ಮಾಲು ಕೈಯಿಂದ ಕೈಗೆ ಲಕ್ಷಗಟ್ಟಲೆಗೆ ಹೋಗುತ್ತದೆ, ತೋಟೆಗೂ ಹುಡುಕಾಟ. ಕೊನೆಗೆ ಉಳಿಯುವುದು .32 ಮತ್ತು .22.

ಆದರೆ .32 ಅಂದರೆ ಒಂದಲ್ಲ, ಎರಡು. ಎಡವಟ್ಟಾಗುವುದು ಇಲ್ಲೇ. ಪಿಸ್ತೂಲಿನದು .32 ಎಸಿಪಿ: ತೋಟೆಯ ಹಿತ್ತಾಳೆ ಕೊಳವೆ ಕೇವಲ 17 ಮಿ.ಮೀ. ಉದ್ದ, ತಾಮ್ರದ ಹೊದಿಕೆಯ 71 ಗ್ರೇನ್ (ಸುಮಾರು 4.6 ಗ್ರಾಂ) ಗುಂಡು, ಸೆಕೆಂಡಿಗೆ ಸುಮಾರು 275 ಮೀಟರ್ ವೇಗ, ಹೊಡೆತ 170 ಜೂಲ್ ಆಸುಪಾಸು. ರಿವಾಲ್ವರಿನದು .32 ಎಸ್ ಆ್ಯಂಡ್ ಡಬ್ಲ್ಯೂ ಲಾಂಗ್: ಕೊಳವೆ 23 ಮಿ.ಮೀ., 98 ಗ್ರೇನಿನ ಬರಿ ಸೀಸದ ಗುಂಡು, ವೇಗ 215 ಮೀಟರ್, ಹೊಡೆತ 145 ಜೂಲ್ ಹತ್ತಿರ. ಎರಡನ್ನೂ ಅಂಗೈಯಲ್ಲಿಟ್ಟು ನೋಡಿ: ರಿವಾಲ್ವರ್ ತೋಟೆಯ ಬುಡದಲ್ಲಿ ಅಂಚು ಬಟ್ಟಲ ಬಾಯಿಯ ಹಾಗೆ ಹೊರಗೆ ಚಾಚಿರುತ್ತದೆ, ಪಿಸ್ತೂಲಿನದರ ಬುಡದಲ್ಲಿ ಒಂದು ತೋಡು ಸುತ್ತಿಕೊಂಡಿದ್ದು ಅಂಚು ಕೂದಲೆಳೆಯಷ್ಟೇ ಹೊರಗಿರುತ್ತದೆ. ಪಿಸ್ತೂಲಿನ ತೋಟೆ ರಿವಾಲ್ವರಿನ ಸಿಲಿಂಡರ್ ಗೂಡಿಗೆ ಇಳಿದೂಬಿಡುತ್ತದೆ. ಇಳಿಯಿತೆಂದು ಹೊಡೆಯಬೇಡಿ. ಅದರ ಒತ್ತಡ ಹೆಚ್ಚು, ಆ ಸಣ್ಣ ಅಂಚು ಸರಿಯಾಗಿ ಕೂರುವುದೂ ಇಲ್ಲ. ಅಂಗಡಿಯಲ್ಲಿ ‘ಮೂವತ್ತೆರಡು’ ಅಂತ ಮಾತ್ರ ಕೇಳಿದರೆ ಸಾಲದು, ಪಿಸ್ತೂಲಿನದೋ ರಿವಾಲ್ವರಿನದೋ ಅಂತ ಬಿಡಿಸಿ ಹೇಳಬೇಕು.

ಹೋಲಿಕೆಗೆ ಹೇಳುವುದಾದರೆ 9 ಎಂಎಂ ಹೊಡೆತ 450 ಜೂಲ್ ಆಸುಪಾಸು. ಅದರ ಮುಂದೆ ನಮ್ಮ ಎರಡೂ .32 ಬಡವರೇ. ಅವುಗಳ ನಡುವಿನ 25 ಜೂಲ್ ವ್ಯತ್ಯಾಸಕ್ಕಾಗಿ ಯಾರೂ ತಲೆ ಕೆಡಿಸಿಕೊಳ್ಳಬೇಕಿಲ್ಲ. ಮನುಷ್ಯನ ಎದುರು ಕೆಲಸ ಮಾಡುವುದು ಗುಂಡು ಬಿದ್ದ ಜಾಗ. .22ರಲ್ಲಿ ಮಾತ್ರ ವ್ಯತ್ಯಾಸ ದೊಡ್ಡದು. ಇಚ್ಛಾಪುರದ ನಿಡರ್ ರಿವಾಲ್ವರ್ 250 ಗ್ರಾಂ ತೂಕ, ಎಂಟು ಗುಂಡು, ಜೇಬಿಗೆ ಹಗುರ. ಆದರೆ ಸಣ್ಣ ನಳಿಗೆಯಲ್ಲಿ ಹೊಡೆತ ನೂರು ಜೂಲ್ ದಾಟುವುದೇ ಕಷ್ಟ, ಮೇಲಾಗಿ .22ರಲ್ಲಿ ಕಿಡಿಮದ್ದು ಅಂಚಿನೊಳಗೆ ತೆಳುವಾಗಿ ಹರಡಿರುತ್ತದೆ, ಒಂದು ಕಡೆ ತಪ್ಪಿದರೆ ತೋಟೆ ಠುಸ್. ನಡುವೆ ಕೇಪು ಇರುವ ತೋಟೆಗಿಂತ ಇದರಲ್ಲಿ ಕೈಕೊಡುವುದು ಜಾಸ್ತಿ. ಕೈ ನಡುಗುವ ವಯಸ್ಸಾದವರಿಗೆ, .32ರ ಒದೆತ ತಡೆಯಲಾಗದವರಿಗೆ ಬಿಟ್ಟರೆ ನಾನು ಇದನ್ನು ಹೇಳುವುದಿಲ್ಲ.

ಹಾಗಾಗಿ ನಿಜವಾದ ಪ್ರಶ್ನೆ ಬೋರಿನದಲ್ಲ, ಪಿಸ್ತೂಲೋ ರಿವಾಲ್ವರೋ ಅನ್ನುವುದು. ನಮ್ಮ ಊರಿನ ಮಳೆ ಲೆಕ್ಕಕ್ಕೆ ಬರುವುದು ಇಲ್ಲಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,600 ಮಿ.ಮೀ. ಹತ್ತಿರ ಸುರಿಯುತ್ತದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಪಾಟಿನ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ, ಸೊಂಟದ ಕಬ್ಬಿಣವನ್ನು ಬಿಡುತ್ತದೆಯೇ? ಅಶನಿಯಂಥ .32 ಪಿಸ್ತೂಲು ಚಪ್ಪಟೆ, ಅಂಗಿಯ ಕೆಳಗೆ ಕಾಣುವುದಿಲ್ಲ, ಮ್ಯಾಗಜಿನ್‌ನಲ್ಲಿ ತೋಟೆಗಳು ಒಂದರ ಮೇಲೊಂದು ಕೂರುತ್ತವೆ. ಆದರೆ ತೋಟೆ ಹಾರದಿದ್ದರೆ ಎರಡೂ ಕೈ ಬೇಕು: ಮ್ಯಾಗಜಿನ್ ತಳಕ್ಕೆ ಗುದ್ದು, ಸ್ಲೈಡ್ ಪೂರ್ತಿ ಹಿಂದಕ್ಕೆಳೆದು ಬಿಡು. ಇನ್ನೊಂದು ಕಾಟ, ಮ್ಯಾಗಜಿನ್‌ನಲ್ಲಿ ಮೇಲಿನ ತೋಟೆಯ ಅಂಚು ಕೆಳಗಿನದರ ಅಂಚಿನ ಹಿಂದೆ ಸಿಕ್ಕಿಬೀಳುವುದು. ಗಿಡ್ಡ ಮೂತಿಯ ಹಾಲೋ ಪಾಯಿಂಟ್ (ತುದಿ ಟೊಳ್ಳಾದ ಗುಂಡು) ಹಾಕಿದರೆ ತೋಟೆ ಹಿಂದೆ ಮುಂದೆ ಜಾರಿ ಇದು ಜಾಸ್ತಿಯಾಗುತ್ತದೆ. ಪೂರ್ಣ ಹೊದಿಕೆಯ 71 ಗ್ರೇನ್ ಮಾತ್ರ ಹಾಕಿ, ತುಂಬುವಾಗ ಪ್ರತಿ ಮೇಲಿನ ಅಂಚು ಕೆಳಗಿನದರ ಮುಂದಿದೆಯೇ ನೋಡಿ.

ರಿವಾಲ್ವರಿನಲ್ಲಿ ಒಂದು ಹಾರದಿದ್ದರೆ ಕುದುರೆ (ಟ್ರಿಗರ್) ಮತ್ತೆ ಎಳೆದರಾಯಿತು, ಮುಂದಿನ ಗೂಡು ಬರುತ್ತದೆ. ಒಂದು ಕೈ ಸ್ಟಿಯರಿಂಗ್ ಮೇಲಿದ್ದಾಗ ಈ ಒಂದು ಗುಣ ಸಾಕು. ಕಾನ್ಪುರದ ನಿರ್ಭೀಕ್ ಸುಮಾರು 500 ಗ್ರಾಂ. 2023ರಲ್ಲಿ ಬಂದ ಪ್ರಬಲ್ 700 ಗ್ರಾಂ, 76 ಮಿ.ಮೀ. ನಳಿಗೆ, ಸಿಲಿಂಡರ್ ಪಕ್ಕಕ್ಕೆ ತೆರೆಯುತ್ತದೆ. ಹಳೆಯವು ಮೇಲಿನ ಕೊಂಡಿ ಬಿಡಿಸಿ ನಳಿಗೆಯನ್ನು ಕೆಳಕ್ಕೆ ಮಡಚಿ ತೆರೆಯುವ ನಮೂನೆ. ತೆಗೆದುಕೊಳ್ಳುವ ಮೊದಲು ಕೊಂಡಿ ಹಾಕಿ ನಳಿಗೆ ಅಲ್ಲಾಡಿಸಿ ನೋಡಿ, ಲಟಪಟ ಅಂದರೆ ಬೇಡ. ಆ ನಮೂನೆಯನ್ನು ಮೆಲ್ಲಗೆ ತೆರೆದರೆ ಖಾಲಿ ಕೊಳವೆಯೊಂದು ಕೊಳವೆಗಳನ್ನು ಹೊರದೂಡುವ ನಕ್ಷತ್ರಾಕಾರದ ತಟ್ಟೆಯ ಕೆಳಗೆ ಜಾರಿ ಸಿಲಿಂಡರ್ ಮುಚ್ಚುವುದೇ ಇಲ್ಲ. ಝಾಡಿಸಿ ತೆರೆಯಬೇಕು. ಡಬಲ್ ಆ್ಯಕ್ಷನ್‌ನಲ್ಲಿ ಸುತ್ತಿಗೆಯನ್ನು ಮೊದಲೇ ಏರಿಸದೆ ಕುದುರೆಯೊಂದನ್ನೇ ಎಳೆಯುವುದರಿಂದ ಎಳೆತ ಭಾರ. ಅಂಗಡಿಯಲ್ಲೇ ಡಮ್ಮಿ ತೋಟೆ ಹಾಕಿಸಿ ಹತ್ತು ಸಲ ಎಳೆದು ನೋಡಿ. ನನ್ನ ಆಯ್ಕೆ ಕೇಳಿದರೆ, ನಿಮ್ಮ ದಾರಿಗೆ .32 ರಿವಾಲ್ವರ್, ಅದರಲ್ಲೂ ಭಾರದ್ದು. ಹಗುರವಾದದ್ದು ಕೈಯಲ್ಲಿ ಕುಪ್ಪಳಿಸುತ್ತದೆ.

ಚರ್ಮದ ಹೋಲ್ಸ್ಟರ್ ಹೊರಗೆ ಹೋಗುವಾಗ ಮಾತ್ರ. ಮನೆಯಲ್ಲಿ ಅದರೊಳಗೇ ಬಿಟ್ಟರೆ ಚರ್ಮ ತೇವ ಹೀರಿ ಲೋಹವನ್ನು ತಿನ್ನುತ್ತದೆ, ಹಿತ್ತಾಳೆ ಕೊಳವೆಗೆ ಹಸಿರು ಕಿಲುಬು ಬರುತ್ತದೆ. ಬೀಗದ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಹಾಕಿ, ತಿಂಗಳಿಗೊಮ್ಮೆ ಬಾಣಲೆಯಲ್ಲಿ ಬಿಸಿ ಮಾಡಿ ಒಣಗಿಸಿ. ಎಣ್ಣೆ ಬಟ್ಟೆಯಲ್ಲಿ ಒರೆಸಿದಷ್ಟು ಸಾಕು. ಸಿಲಿಂಡರ್ ಗೂಡಿನೊಳಗೆ ಎಣ್ಣೆ ನಿಂತರೆ ಅದು ಕೇಪಿನ ಸಂದಿಗೆ ಇಳಿದು ಮದ್ದನ್ನು ಕೊಲ್ಲುತ್ತದೆ. ಮಳೆಗಾಲವಿಡೀ ಸೊಂಟದಲ್ಲಿದ್ದ ಆರು ತೋಟೆಯನ್ನು ದೀಪಾವಳಿ ಹೊತ್ತಿಗೆ ರೇಂಜಿನಲ್ಲಿ ಹೊಡೆದು ಮುಗಿಸಿ ಹೊಸದು ಹಾಕಿ. ಲೈಸೆನ್ಸಿನಲ್ಲಿ ಬರೆದ ತೋಟೆ ಸಂಖ್ಯೆಯಲ್ಲಿ ಇದಕ್ಕೂ ಪಾಲಿಡಿ. ಸೀಸದ ಗುಂಡು ನಳಿಗೆಯ ಗೀರಿನಲ್ಲಿ ಮೆತ್ತಿಕೊಳ್ಳುತ್ತದೆ, ಅಂದೇ ಹಿತ್ತಾಳೆ ಬ್ರಶ್ ಆಡಿಸಿ.

ದಾರಿಯಲ್ಲಿ ಕಾಟಿ (ಕಾಡುಕೋಣ), ಆನೆ, ಹಂದಿ ಸಿಕ್ಕರೆ ಅಂತಲೂ ಕೇಳಿದ್ದೀರಿ. 145 ಜೂಲ್‌ನಿಂದ ಕಾಟಿಗೆ ಸಿಟ್ಟು ಬರುತ್ತದೆ, ಅಷ್ಟೆ. ವನ್ಯಜೀವಿ ಕೇಸು ಬೇರೆ. ಬೆಳೆ ಕಾಯುವ ತೋಟೆ ಕೋವಿಯ ಲೈಸೆನ್ಸೇ ಬೇರೆ, ಅದರಲ್ಲಿ ರಿವಾಲ್ವರ್ ತೆಗೆದುಕೊಳ್ಳಲು ಆಗದು.

ಲೈಸೆನ್ಸ್ ಕೈಗೆ ಬಂದಾಗ ಮೂರು ಸಾಲು ಓದಿ: ಪಿಸ್ತೂಲು ಅಂತಿದೆಯೋ ರಿವಾಲ್ವರ್ ಅಂತಿದೆಯೋ, ತೋಟೆ ಎಷ್ಟು, ವ್ಯಾಪ್ತಿ ಜಿಲ್ಲೆಗೋ ರಾಜ್ಯಕ್ಕೋ. ಆಗುಂಬೆ ಘಾಟಿ ಇಳಿದರೆ ಉಡುಪಿ ಜಿಲ್ಲೆ, ನೆನಪಿರಲಿ. ಸಾರ್ವಜನಿಕ ಜಾಗದಲ್ಲಿ ಹೋಲ್ಸ್ಟರಿನಲ್ಲೇ ಇರಬೇಕು. ಮದುವೆ ದಿಬ್ಬಣದಲ್ಲಿ ಗಾಳಿಗೆ ಒಂದು ಹಾರಿಸಿದರೂ ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯಂತೆ ಎರಡು ವರ್ಷದ ತನಕ ಜೈಲು. ಚುನಾವಣೆ ಬಂದು ಠಾಣೆಯಲ್ಲಿ ಇಡಲು ಹೇಳಿದರೆ ತೋಟೆ ತೆಗೆದು, ನಳಿಗೆ ಒಳಗೂ ಹೊರಗೂ ದಪ್ಪಗೆ ಗ್ರೀಸ್ ಸವರಿ, ರಸೀದಿಯಲ್ಲಿ ನಂಬರ್ ಬರೆಸಿಕೊಂಡು ಕೊಡಿ. ವಾಪಸು ತಂದ ದಿನ ಆ ಗ್ರೀಸನ್ನು ಪೂರ್ತಿ ಒರೆಸಿ ತೆಗೆಯುವವರೆಗೆ ತೋಟೆ ತುಂಬಬೇಡಿ.