ಅಂಚೆಪೆಟ್ಟಿಗೆಯೇ ಬೇರೆ, ಪಿಜನ್‌ಹೋಲೇ ಬೇರೆ

ಧಾರವಾಡದ ಹಿರಿಯ ಓದುಗರೊಬ್ಬರ ಪತ್ರ ಬಂದಿದೆ. ಅವರ ಮಗಳು ಈ ವರ್ಷ ಆಕ್ಸ್‌ಫರ್ಡ್‌ನ ಕಾಲೇಜೊಂದಕ್ಕೆ ಸೇರಿದ್ದಾಳೆ. ಕಾಗದ ಬರೆದರೆ ಕಾಲೇಜಿನ ವಿಳಾಸಕ್ಕೇ ಬರೆಯಿರಿ, ಅದು ತನ್ನ ಪಿಜನ್‌ಹೋಲ್ ಸೇರುತ್ತದೆ ಎಂದು ಆಕೆ ಹೇಳಿದಳಂತೆ. ಇವರು ನಿಘಂಟು ತೆರೆದರೆ ಅಲ್ಲಿ ‘ಪಾರಿವಾಳದ ಗೂಡು’ ಎಂದಿದೆ. ಮಗಳನ್ನು ಮತ್ತೆ ಕೇಳಿದರೆ, ಅದು ಪೆಟ್ಟಿಗೆಯಲ್ಲ, ಅದಕ್ಕೆ ಬಾಗಿಲೂ ಇಲ್ಲ, ಬೀಗವೂ ಇಲ್ಲ ಎಂದಳಂತೆ. ಕೊನೆಗೆ ಓದುಗರು ತಮ್ಮದೇ ತೀರ್ಮಾನಕ್ಕೆ ಬಂದಿದ್ದಾರೆ: ‘ಪೋಸ್ಟ್ ಬಾಕ್ಸ್, ಲೆಟರ್ ಬಾಕ್ಸ್, ಮೇಲ್ ಬಾಕ್ಸ್, ಪಿಜನ್‌ಹೋಲ್ ಎಲ್ಲವೂ ಒಂದೇ. ಕಾಗದ ತಲುಪುವುದು ಮುಖ್ಯ, ಕನ್ನಡದಲ್ಲಿ ಅಂಚೆಪೆಟ್ಟಿಗೆ ಎಂದರೆ ಸಾಕು. ಅಷ್ಟಕ್ಕೂ ಪಿಜನ್‌ಹೋಲ್ ಎಂಬ ಹೆಸರು ಬಂದದ್ದೆಲ್ಲಿಂದ? ನೀವೇನನ್ನುತ್ತೀರಿ?’

ಮಾನ್ಯರೇ, ಕಾಗದ ತಲುಪುವುದು ಮುಖ್ಯ ಎಂಬ ನಿಮ್ಮ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಅಮೆರಿಕದವರು ನಾವು ಕಾಗದ ಹಾಕುವ ಪೆಟ್ಟಿಗೆಯನ್ನೂ ನಮಗೆ ಕಾಗದ ಬಂದು ಬೀಳುವ ಪೆಟ್ಟಿಗೆಯನ್ನೂ ಮೇಲ್‌ಬಾಕ್ಸ್ ಎಂಬ ಒಂದೇ ಹೆಸರಿನಿಂದ ಕರೆಯುತ್ತಾರೆ, ಅದರಿಂದ ಅವರ ಅಂಚೆಯೇನೂ ಕೆಟ್ಟಿಲ್ಲ. ಆದರೂ ನಿಮ್ಮ ಮನೆಯ ಈ ಚರ್ಚೆಯಲ್ಲಿ ನಾನು ನಿಮ್ಮ ಮಗಳ ಪಕ್ಷ. ಆಕೆ ವಸ್ತುವನ್ನು ಕಣ್ಣಾರೆ ನೋಡಿ ಮಾತಾಡಿದ್ದಾಳೆ, ನೀವು ನಿಘಂಟನ್ನು ನೋಡಿ ಮಾತಾಡಿದ್ದೀರಿ.

ಆಕೆ ನೋಡಿರುವುದೇನೆಂದು ಕೇಳಿ. ಆಕ್ಸ್‌ಫರ್ಡ್, ಕೇಂಬ್ರಿಜ್‌ನ ಹಳೆಯ ಕಾಲೇಜುಗಳಲ್ಲಿ ಹೆಬ್ಬಾಗಿಲಿನ ಪಕ್ಕದಲ್ಲೇ ಪೋರ್ಟರುಗಳ, ಅಂದರೆ ಬಾಗಿಲು ನೋಡಿಕೊಳ್ಳುವವರ, ಕೊಠಡಿ ಇರುತ್ತದೆ. ಅದರಲ್ಲೋ ಅದಕ್ಕೆ ಹೊಂದಿಕೊಂಡಂತೆಯೋ ಗೋಡೆಯುದ್ದಕ್ಕೂ ಮರದ ಚೌಕ ಖಾನೆಗಳು, ಒಂದೊಂದರ ಅಂಚಿಗೂ ಒಂದೊಂದು ಹೆಸರಿನ ಚೀಟಿ. ಹೊರಗಿನ ಅಂಚೆಯಿಂದ ಬಂದ ಕಾಗದವನ್ನು ಪೋರ್ಟರ್ ವಿಂಗಡಿಸಿ ಅವುಗಳಲ್ಲಿ ಇಡುತ್ತಾನೆ. ಅಧ್ಯಾಪಕರು ತಿದ್ದಿದ ಪ್ರಬಂಧವನ್ನೂ, ಗೆಳತಿಯರು ಊಟಕ್ಕೆ ಕರೆದು ಬರೆದ ಚೀಟಿಯನ್ನೂ ಅಲ್ಲೇ ಇಟ್ಟುಹೋಗುತ್ತಾರೆ. ಆಕ್ಸ್‌ಫರ್ಡ್‌ನ ವಿದ್ಯಾರ್ಥಿಗಳು ಇದನ್ನು ಮೊಟಕುಗೊಳಿಸಿ ‘ಪಿಜ್’ ಎನ್ನುತ್ತಾರೆ. ಒಂದು ಕಾಲೇಜಿನವರು ಇನ್ನೊಂದು ಕಾಲೇಜಿನವರಿಗೆ ಬರೆದ ಕಾಗದ ವಿಶ್ವವಿದ್ಯಾಲಯದ ಒಳ ಅಂಚೆಯಲ್ಲಿ ಸ್ಟ್ಯಾಂಪಿಲ್ಲದೆಯೇ ಹೋಗಿ ಅಲ್ಲಿನ ಖಾನೆ ಸೇರುತ್ತದೆ. ಬಾಗಿಲಿಲ್ಲದ, ಬೀಗವಿಲ್ಲದ, ಯಾರ ಕೈಗಾದರೂ ಎಟುಕುವ ಈ ತೆರೆದ ಖಾನೆ ನಡೆಯುವುದು ಒಂದೇ ಹೆಬ್ಬಾಗಿಲಿನೊಳಗೆ ಬಾಳುವವರ ಪರಸ್ಪರ ನಂಬಿಕೆಯ ಮೇಲೆ. ಬೀದಿಬದಿಯ ಪೆಟ್ಟಿಗೆಗೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ ಅದೇ ಎಂದು ನಾನು ತಿಳಿದಿದ್ದೇನೆ.

ಬ್ರಿಟನ್ನಿನಲ್ಲಿ ಲೆಟರ್ ಬಾಕ್ಸ್ ಎಂದಾಗ ಬಹುಮಟ್ಟಿಗೆ ಮನೆಯ ಮುಂಬಾಗಿಲಿನಲ್ಲಿ ಕೊರೆದ ಸೀಳುಗಂಡಿ ಎಂದೇ ಅರ್ಥ, ಅದರ ಹುಟ್ಟೇ ಬೇರೆ. 1840ಕ್ಕೆ ಮೊದಲು ಅಂಚೆಯ ಹಣವನ್ನು ಸಾಮಾನ್ಯವಾಗಿ ಕಾಗದ ಪಡೆಯುವವರೇ ಕೊಡಬೇಕಾಗಿತ್ತು, ಆದ್ದರಿಂದ ಅಂಚೆಯವನು ಬಾಗಿಲು ತಟ್ಟಿ, ಒಳಗಿನವರು ಹಣ ತರುವವರೆಗೂ ಹೊಸ್ತಿಲಲ್ಲಿ ಕಾಯುತ್ತಿದ್ದ. ಆ ವರ್ಷದ ಜನವರಿಯಲ್ಲಿ ಅಂಚೆ ಸುಧಾರಕ ರೋಲೆಂಡ್ ಹಿಲ್ ಅವರ ಒಂದೇ ಪೆನ್ನಿ ದರದ ‘ಪೆನ್ನಿ ಅಂಚೆ’, ಮೇ ತಿಂಗಳಲ್ಲಿ ಸ್ಟ್ಯಾಂಪು ಜಾರಿಗೆ ಬಂದು, ಕಳಿಸುವವರೇ ಮುಂಗಡವಾಗಿ ಹಣ ಕೊಡುವುದು ರೂಢಿಯಾದ ಮೇಲೆ ಕಾಯುವ ಅಗತ್ಯ ತಪ್ಪಿತು, ಬಾಗಿಲಲ್ಲಿ ಗಂಡಿ ಮಾಡಿಸಿಕೊಳ್ಳಿ ಎಂದು ಅಂಚೆ ಇಲಾಖೆ ಜನರನ್ನು ಒತ್ತಾಯಿಸತೊಡಗಿತು. ಅಮೆರಿಕದಲ್ಲಂತೂ ಪೆಟ್ಟಿಗೆಯೋ ಗಂಡಿಯೋ ಇಲ್ಲದ ಮನೆಗೆ ಬಟವಾಡೆ ಇಲ್ಲ ಎಂಬ ನಿಯಮ ಬಂದದ್ದು 1923ರಲ್ಲಿ. ಹಾಕುವ ಪೆಟ್ಟಿಗೆ, ಬಾಗಿಲ ಗಂಡಿ, ಒಳಗಿನ ಖಾನೆ, ಈ ಮೂರೂ ಕಾಗದದ ದಾರಿಯಲ್ಲಿ ಮೂರು ಬೇರೆ ಬೇರೆ ಕೆಲಸ ಮಾಡುತ್ತವೆ.

ಹೆಸರಿನ ಮೂಲವನ್ನೂ ಕೇಳಿದ್ದೀರಿ. ಇಂಗ್ಲೆಂಡಿನ ದೊಡ್ಡ ಜಮೀನುದಾರರು ಮಾಂಸಕ್ಕಾಗಿ ಪಾರಿವಾಳ ಸಾಕುತ್ತಿದ್ದ ಕಟ್ಟಡಗಳ ಒಳಗೋಡೆಯಲ್ಲಿ ಸಾಲುಸಾಲಾಗಿ ಗೂಡುಗಳಿದ್ದವು. 17ನೆಯ ಶತಮಾನದ ಕೊನೆಯ ಹೊತ್ತಿಗೆ ಬರೆಯುವ ಮೇಜಿನ ಖಾನೆಗಳಿಗೂ ಅದೇ ಹೆಸರು ಅಂಟಿತ್ತು. ಆಗ ಕಾಗದಗಳನ್ನು ಮಡಚಿ, ಹೊರಮೈ ಮೇಲೆ ಸಾರಾಂಶ ಬರೆದು ಖಾನೆಗೆ ಸೇರಿಸುವುದು ಪದ್ಧತಿ. 1796ರಲ್ಲಿ ಬ್ರಿಟಿಷ್ ರಾಜಕಾರಣಿ ಎಡ್ಮಂಡ್ ಬರ್ಕ್, ಫ್ರಾನ್ಸಿನ ಕ್ರಾಂತಿಯ ನಾಯಕರಲ್ಲೊಬ್ಬನಾದ ಸಿಯೆಸ್ ಎಂಬ ಪಾದ್ರಿಯ ಬಳಿ ಸಿದ್ಧ ಸಂವಿಧಾನಗಳು ಇಂಥ ಖಾನೆಗಳ ತುಂಬ ಚೀಟಿ ಅಂಟಿಸಿಕೊಂಡು ಕುಳಿತಿವೆ ಎಂದು ಕಟುವಾಗಿ ಬರೆದ. ಮುಂದಿನ ಶತಮಾನದಲ್ಲಿ ಅದು ಕ್ರಿಯಾಪದವೂ ಆಯಿತು. ಒಂದು ಅರ್ಜಿಯನ್ನು ಪಿಜನ್‌ಹೋಲ್ ಮಾಡಿದರು ಎಂದರೆ ಮೂಲೆಗೆ ಹಾಕಿದರು ಎಂದರ್ಥ, ಒಬ್ಬ ಮನುಷ್ಯನನ್ನು ಹಾಗೆ ಮಾಡಿದರು ಎಂದರೆ ಅವನಿಗೊಂದು ಹಣೆಪಟ್ಟಿ ಕಟ್ಟಿ ಅದರಾಚೆ ನೋಡಲಿಲ್ಲ ಎಂದರ್ಥ. ಈ ಅರ್ಥಗಳು ಖಾನೆಯಿಂದ ಹುಟ್ಟುತ್ತವೆಯೇ ಹೊರತು ‘ಅಂಚೆಪೆಟ್ಟಿಗೆ’ಯಿಂದ ಹುಟ್ಟಲಾರವು.

ಇದನ್ನು ಇಂಗ್ಲಿಷರ ಮನೆವಾರ್ತೆ ಎಂದುಕೊಳ್ಳಬೇಡಿ. ಓಡುವ ರೈಲಿನಲ್ಲೇ ಕಾಗದ ವಿಂಗಡಿಸುವ ರೈಲ್ವೆ ಅಂಚೆ ಸೇವೆ ನಮ್ಮಲ್ಲಿ ಮೊದಲಾದದ್ದು 1863ರಲ್ಲಿ, ಅಲಹಾಬಾದ್–ಕಾನ್ಪುರ ನಡುವೆ. ಹುಬ್ಬಳ್ಳಿಯ ವಿಂಗಡಣಾ ಕಚೇರಿಯಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರು ನನಗೆ ಆತ್ಮೀಯರಾಗಿದ್ದರು. ಓಡುವ ರೈಲಿನಲ್ಲಿ ಸಾರ್ಟಿಂಗ್ ಕೇಸಿನ, ಅಂದರೆ ವಿಂಗಡಣೆಯ ತೆರೆದ ಖಾನೆಗಳ ಕಪಾಟಿನ, ಮುಂದೆ ರಾತ್ರಿಯಿಡೀ ನಿಂತು ಕೆಲಸ ಮಾಡಿದವರು. ಎಡಗೈಯಲ್ಲಿ ಕಾಗದದ ಕಟ್ಟು, ಹೆಬ್ಬೆರಳಿನಿಂದ ಒಂದೊಂದನ್ನೇ ಮುಂದೆ ನೂಕಿ, ಬಲಗೈಯಿಂದ ಎಸೆಯುವುದು, ಕಣ್ಣು ಆಗಲೇ ಮುಂದಿನ ವಿಳಾಸದ ಮೇಲೆ. ಅದನ್ನು ಅವರು ಅಭಿನಯಿಸಿ ತೋರಿಸುತ್ತಿದ್ದರು. ಖಾನೆಗೆ ಮುಚ್ಚಳವಿದ್ದರೆ ಆ ಕೆಲಸ ಸಾಗುತ್ತಲೇ ಇರಲಿಲ್ಲ. 1972ರ ಆಗಸ್ಟ್ 15ರಂದು ಬಂದ ಪಿನ್‌ಕೋಡ್ ಕೂಡ ಆ ಖಾನೆಗಳ ಲೆಕ್ಕವೇ. ನಿಮ್ಮ ಊರಿನ 580001ರಲ್ಲಿ ಮೊದಲ 5 ವಲಯವನ್ನೂ, 58 ಉಪವಲಯವನ್ನೂ, 580 ವಿಂಗಡಣಾ ಜಿಲ್ಲೆಯನ್ನೂ, ಕೊನೆಯ ಮೂರು ಅಂಕಿಗಳು ಅಂಚೆ ಕಚೇರಿಯನ್ನೂ ತಿಳಿಸುತ್ತವೆ.

ನನ್ನ ಹಳೆಯ ಸಂಕಟವೊಂದು ಇಲ್ಲಿ ಬಾಯಿಗೆ ಬರುತ್ತದೆ. ಆ ಹಿರಿಯರು ‘ಖಾನೆ’ ಎನ್ನುತ್ತಿದ್ದರು. ತಿಜೋರಿಯ ಒಳಗಿನದನ್ನೂ ಮಸಾಲೆ ಡಬ್ಬಿಯ ಒಳಗಿನದನ್ನೂ ನಮ್ಮ ಜನ ಹಾಗೆಯೇ ಕರೆಯುತ್ತಾರೆ. ಹಕ್ಕಿಯ ಮನೆಗೆ ಹೇಳುವ ‘ಗೂಡು’ ಎಂಬ ಮಾತನ್ನೇ ನಾವು ಗೋಡೆಯಲ್ಲಿ ದೀಪವಿಡುವ ಜಾಗಕ್ಕೂ, ರೇಷ್ಮೆಹುಳು ಸುತ್ತಿಕೊಳ್ಳುವ ಮನೆಗೂ, ಗೂಡಂಗಡಿಗೂ ಹಿಗ್ಗಿಸಿಕೊಂಡಿದ್ದೇವೆ. ಇಂಗ್ಲಿಷರು ಮಾಡಿದ್ದೂ ಇದನ್ನೇ. ಇಷ್ಟು ಬಳಕೆ ಕಣ್ಣೆದುರಿಗಿದ್ದರೂ ನಮ್ಮ ಅನೇಕ ಪಾರಿಭಾಷಿಕ ಪಟ್ಟಿಗಳು ದುಡಿಯುವವರನ್ನು ಒಂದು ಮಾತೂ ಕೇಳದೆ ಪದಕ್ಕೆ ಪದ ಇಟ್ಟು ಮುಗಿಸುತ್ತವೆ. ಗಣಿತದ ಪಾಠವನ್ನೇ ನೋಡಿ. ಹದಿಮೂರು ಮಂದಿ ಸೇರಿದರೆ ಇಬ್ಬರಾದರೂ ಒಂದೇ ತಿಂಗಳಲ್ಲಿ ಹುಟ್ಟಿರಲೇಬೇಕು ಎಂಬ ತತ್ತ್ವಕ್ಕೆ ಇಂಗ್ಲಿಷಿನಲ್ಲಿ ಪಿಜನ್‌ಹೋಲ್ ತತ್ತ್ವ ಎಂದು ಹೆಸರು, ಜರ್ಮನಿಯಲ್ಲಿ ಗಣಿತಜ್ಞ ಡಿರಿಕ್ಲೆಯ ಹೆಸರಿನೊಡನೆ ಹೇಳುವುದು ಮೇಜಿನ ಡ್ರಾಯರನ್ನು. ನಮ್ಮ ಮಕ್ಕಳು ಮಾತ್ರ ‘ಪಾರಿವಾಳ ಗೂಡಿನ ತತ್ತ್ವ’ ಎಂದು ಬಾಯಿಪಾಠ ಮಾಡಿ, ಗಣಿತದಲ್ಲಿ ಹಕ್ಕಿಗೇನು ಕೆಲಸವೆಂದು ಬೆರಗಾಗುತ್ತಾರೆ. ಬಡಗಿ, ಕಂಪೋಸಿಟರ್, ಅಂಚೆಯಣ್ಣ, ದಫ್ತರಿನ ಗುಮಾಸ್ತ, ಇವರ ಬಾಯಲ್ಲಿ ಬಾಳಿದ ಮಾತುಗಳು ಅವರೊಂದಿಗೇ ಹೋಗುತ್ತಿವೆ. ನಿಮ್ಮಂಥ ಓದಿದವರು ‘ಎಲ್ಲವೂ ಒಂದೇ’ ಎಂದಾಗ ನನಗೆ ನೋವಾಗುವುದು ಇದಕ್ಕಾಗಿ.

ಇನ್ನು ನಿಮ್ಮ ಕೆಲಸಕ್ಕೆ ಬರುವ ಮಾತು. ಕನ್ನಡದಲ್ಲಿ ಬರೆಯುವಾಗ ‘ಕಾಲೇಜಿನ ಕಾಗದದ ಖಾನೆ’ ಎನ್ನಿ, ಮಗಳೊಡನೆ ಮಾತಾಡುವಾಗ ಪಿಜನ್‌ಹೋಲ್ ಎಂದೇ ಅನ್ನಿ. ಅಲ್ಲಿ ಖಾನೆಗಳ ಸಾಲು ಸಾಮಾನ್ಯವಾಗಿ ಕುಟುಂಬದ ಹೆಸರಿನ ಅಕ್ಷರಕ್ರಮದಲ್ಲಿರುತ್ತದೆ. ನಿಮ್ಮ ಕಡೆ ಮನೆತನದ ಹೆಸರುಂಟು. ಹಳೆ ಮೈಸೂರಿನ ಕಡೆಯ ನಮ್ಮಂಥವರಿಗೆ ಊರಿನದೋ ತಂದೆಯದೋ ಮೊದಲಕ್ಷರವಷ್ಟೇ ಇರುವುದರಿಂದ, ಕಾಗದ ತಪ್ಪು ಖಾನೆಗೆ ಹೋಗುವ ಸಂಭವ ಹೆಚ್ಚು. ಆದ್ದರಿಂದ ಕಾಲೇಜಿನ ದಾಖಲೆಯಲ್ಲಿ ಆಕೆಯ ಹೆಸರು ಹೇಗಿದೆಯೋ ಹಾಗೆಯೇ, ಮೊದಲಕ್ಷರಕ್ಕೆ ಮೊಟಕು ಮಾಡದೆ, ಲಕೋಟೆಯ ಮೇಲೆ ಬರೆಯಿರಿ. ದೊಡ್ಡ ಡಬ್ಬಿಯೇನಾದರೂ ಕಳಿಸಿದರೆ ಅದು ಖಾನೆಯಲ್ಲಿ ಹಿಡಿಸುವುದಿಲ್ಲ. ಅಂಥ ಪಾರ್ಸೆಲ್ಲನ್ನು ಪೋರ್ಟರುಗಳು ತಮ್ಮಲ್ಲೇ ಇಟ್ಟುಕೊಂಡು ಆಕೆಗೆ ತಿಳಿಸುತ್ತಾರೆ.

— ಸಂಪಾದಕ